ವಾಸನೆ ಇಲ್ಲದ ಇಂಗು

ಸಯನ್, ಮುಂಬಯಿ
11 ಜುಲೈ 2023

ಶಾಂತಪ್ಪಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಇಪ್ಪತ್ತೆರಡು ವರ್ಷ ನಾನು ಬರೆದುಕೊಟ್ಟ ಚೀಟಿ ಹಿಡಿದು ಮಾಟುಂಗಾ ಮಾರ್ಕೆಟ್ಟಿಗೆ ಹೋದವನು ನೀನು. ಹರಿದುಹಾಕುವುದಾದರೆ ಹಾಕು, ಆದರೆ ಒಮ್ಮೆ ಓದಿದ ಮೇಲೆ.

ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ನೀನು ಕಟ್ ಮಾಡಿದೆ. ನಮ್ಮ ಹೋಟೆಲಿನ ಹಳೆಯ ಕ್ಯಾಶಿಯರ್ ಕಾಶಿನಾಥನಿಂದ ಈ ವಿಳಾಸ ಸಿಕ್ಕಿತು. ವಡಾಲದ ಕಾಲನಿಯಲ್ಲಿ ವಾಚ್‌ಮನ್ ಆಗಿದ್ದೀಯಂತೆ. ಇಲ್ಲಿಂದ ಬಸ್ಸಿನಲ್ಲಿ ಇಪ್ಪತ್ತೇ ನಿಮಿಷ. ಬಂದು ನಿನ್ನ ಗೇಟಿನ ಮುಂದೆ ನಿಲ್ಲಬಹುದಿತ್ತು. ಆದರೆ ನಿಂತರೆ ಮಾತಾಡಬೇಕು, ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಕಾಗದವಾದರೆ ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಇನ್ನೊಂದು ಬರೆಯಬಹುದು. ಇದು ಮೂರನೆಯದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಪೇಪರ್ ಓದುತ್ತ ಕುಳಿತಿದ್ದೆ. ಹಾಲು ಉಕ್ಕಿ ಬೆಂಕಿ ಆರಿದೆ, ಗ್ಯಾಸ್ ಮಾತ್ರ ಬರುತ್ತಲೇ ಇದೆ. ಪಕ್ಕದ ಖೋಲಿಯ ಶಿವಕುಮಾರಿ ಬಾಗಿಲು ನೂಕಿಕೊಂಡು ಬಂದಳು. "ರೀ ಭಟ್ರ, ಇಡೀ ಚಾಳಿನಾಗ ಗ್ಯಾಸ್ ವಾಸನಿ ಹೊಡ್ಯಾಕತ್ತೇದ, ನಿಮ್ಮ ಮೂಗೇನು ಬಂದ್ ಆಗೇದೇನು?" ಎಂದು ಕೂಗಿದಳು. ಕಿಟಕಿ ತೆರೆದ ಮೇಲೆ ಅವಳಿಗೆ ಏನು ಹೊಳೆಯಿತೋ, ಈರುಳ್ಳಿ, ಕರ್ಪೂರ, ಫಿನಾಯಿಲ್ ಒಂದೊಂದಾಗಿ ತಂದು ನನ್ನ ಮೂಗಿಗೆ ಹಿಡಿದಳು. ನನಗೆ ಯಾವುದೂ ಗೊತ್ತಾಗಲಿಲ್ಲ. ಇಷ್ಟು ವರ್ಷ ನಾನು, ಈಗಿನ ಮಲ್ಲಿಗೆಗೆ ಪರಿಮಳ ಇಲ್ಲ, ಈಗಿನ ಕೊತ್ತಂಬರಿ ಬರೀ ಹುಲ್ಲು, ಎಲ್ಲ ಕಲಬೆರಕೆ ಎಂದು ಊರನ್ನೇ ಬೈದುಕೊಂಡಿದ್ದೆನಲ್ಲ, ಕೆಟ್ಟದ್ದು ನನ್ನ ಮೂಗು.

ತಂಗಿಯ ಮಗಳು ಲಾವಣ್ಯಾ ಬಾಂದ್ರಾದ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಂ.ಆರ್.ಐ. ಆಯಿತು. ಹಣೆಯ ಹಿಂದೆ, ಮೂಗಿನ ನೇರ ಮೇಲೆ, ಒಂದು ಗಡ್ಡೆ ಉಂಟು. ದೊಡ್ಡ ಲಿಂಬೆಹಣ್ಣಿನಷ್ಟು. "ಅಂಕಲ್, ಯೆ ಧೀರೆ ಬಢ್ನೇವಾಲಾ ಹೈ, ನಿಧಾನ ಬೆಳೆಯುವಂಥದ್ದು. ಎಂಟು-ಹತ್ತು ವರ್ಷದಿಂದ ಇರಬೇಕು" ಎಂದರು ಶೀತಲ್ ಡಾಕ್ಟರು. ನಾನು ಅಲ್ಲಿಯೇ ಬೆರಳು ಮಡಚಿ ಲೆಕ್ಕ ಹಾಕಿದೆ. 2019ರ ಚತುರ್ಥಿ ಅದರೊಳಗೇ ಬಂತು.

ಆ ದಿನ ಹೋಟೆಲಿನ ಅಡುಗೆಮನೆಯಲ್ಲಿ ನಾನು ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ವಾಸನೆಯೇ ಇರಲಿಲ್ಲ. "ಒಳ್ಳೆ ಇಂಗು ಮಾರಿ ಹಿಟ್ಟು ತುಂಬಿಸಿ ಇಟ್ಟಿದ್ದಾನೆ ಈ ಕಳ್ಳ" ಎಂದು ಹನ್ನೊಂದು ಜನರ ಮುಂದೆ ಹೇಳಿದೆ. ನೀನು ತಲೆ ತಗ್ಗಿಸಿ ನಿಂತೆ. ಒಂದು ಮಾತೂ ಆಡಲಿಲ್ಲ. ಮಾಲೀಕ ಶೆಟ್ರು ಅಂದೇ ನಿನ್ನನ್ನು ಕೆಲಸದಿಂದ ಕಳಿಸಿದರು. ನೀನು ಸುಮ್ಮನಿದ್ದದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ಇಂಗು ಶುದ್ಧ ಇತ್ತು, ಶಾಂತಪ್ಪ. ಸತ್ತದ್ದು ನನ್ನ ಮೂಗು. ಆ ಮಾತು ಆಡಿದ್ದು ನಾನಲ್ಲ ಮಾರಾಯ, ನನ್ನ ತಲೆಯೊಳಗಿನ ಗಡ್ಡೆ. ಕ್ಷಮಿಸು.

ಇತಿ,
ಕೊರಗಪ್ಪ


ವಡಾಲ
30 ಜುಲೈ 2023

ಕೊರಗಪ್ಪ ಅವರಿಗೆ,

ನಿಮ್ಮ ಪತ್ರ ತಲುಪಿತು. ಈ ಕಾಲನಿಯ ನೂರಾ ನಲವತ್ತು ಮನೆಗಳ ಟಪಾಲು ಹಂಚುವವನು ನಾನು. ನಾಲ್ಕು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಮೊದಲನೆಯ ಕಾಗದ ನಿಮ್ಮದು. ಬೇರೆ ಯಾರಾದರೂ ಬರೆದಿದ್ದರೆ ಚೆನ್ನಾಗಿತ್ತು.

ಗಡ್ಡೆ ಮಾತಾಡಿತು ಎಂದು ಬರೆದಿದ್ದೀರಿ. ಗಡ್ಡೆಗೆ ನನ್ನ ಹೆಸರು ಹೇಗೆ ಗೊತ್ತು? ನನ್ನ ಹೆಂಡತಿ ಲಕ್ಷ್ಮವ್ವ ಕಾಗದ ಓದಿಸಿಕೊಂಡು ಕೇಳಿ, "ಗಡ್ಡಿ ಮ್ಯಾಲ ಹಾಕಿ ಕೈ ತೊಳಕೊಂಡನಲ್ಲ ನಿಮ್ಮ ಭಟ್ಟ, ಶಾಣ್ಯಾ ಅದಾನ" ಎಂದಳು. ನಾನು ಗಡ್ಡೆಯನ್ನು ಕ್ಷಮಿಸಿದ್ದೇನೆ. ನಿಮ್ಮನ್ನು ಕ್ಷಮಿಸಿಲ್ಲ.

ಕಳ್ಳ ಎಂದದ್ದು ಒಂದು ದಿನದ ಮಾತು. ಅದಕ್ಕಿಂತ ಮೊದಲಿನದು ನಿಮಗೆ ನೆನಪಿದೆಯೋ ಇಲ್ಲವೋ. 2017ರಲ್ಲಿ ನನ್ನ ತಮ್ಮ ದಾನಪ್ಪ ತೀರಿಕೊಂಡ. ಅವನದೂ ತಲೆಯೊಳಗಿನ ಗಡ್ಡೆ. ತಲೆನೋವು ಎಂದವನು ಹದಿನಾಲ್ಕು ತಿಂಗಳಲ್ಲಿ ಹೋದ. ಊರಿಗೆ ಹೋಗಿ ಮಣ್ಣು ಮಾಡಿ ಮೂರನೆಯ ದಿನ ಕೆಲಸಕ್ಕೆ ಬಂದೆ. ನೀವು ಮುಖವೆತ್ತಿ ಕೇಳಿದ್ದು ಒಂದೇ ಮಾತು, "ತೊಗರಿ ನೆನೆಹಾಕಿದ್ದೀಯಾ?" ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು.

ನಿಮ್ಮದೂ ದಾನಪ್ಪನ ಗಡ್ಡೆಯೇ? ಹಾಗಾದರೆ ಎಷ್ಟು ದಿನ ಹೇಳಿದ್ದಾರೆ? ಇದನ್ನು ತಿಳಿಯಲಿಕ್ಕಷ್ಟೇ ಕೇಳಿದೆ. ಇನ್ನು ಮುಂದೆ ಬರೆಯಬೇಡಿ.

ಶಾಂತಪ್ಪ


ಸಯನ್
9 ಆಗಸ್ಟ್ 2023

ಶಾಂತಪ್ಪಾ,

ಬರೆಯಬೇಡಿ ಎಂದೆ ನೀನು. ಆದರೆ ಪ್ರಶ್ನೆಯನ್ನೂ ಕೇಳಿದೆ. ಉತ್ತರ ಕೊಡದಿದ್ದರೆ ಅದೂ ನನ್ನ ಮೇಲೆಯೇ ಬರುತ್ತದೆ.

ದಾನಪ್ಪನದೂ ನನ್ನದೂ ಒಂದೇ ಅಲ್ಲ. ನಾನೂ ನಿನ್ನ ಹಾಗೆ, ತಲೆಯಲ್ಲಿ ಗಡ್ಡೆ ಎಂದರೆ ಒಂದೇ ರೋಗ, ಒಂದೇ ದಾರಿ ಎಂದುಕೊಂಡಿದ್ದೆ. ಶೀತಲ್ ಡಾಕ್ಟರು ನನ್ನ ಕೇಸ್‌ಪೇಪರಿನ ಹಿಂದೆ ಚಿತ್ರ ಬರೆದು ತೋರಿಸಿದರು. ನೂರಕ್ಕಿಂತ ಹೆಚ್ಚು ಜಾತಿ ಉಂಟಂತೆ. ಮೊದಲು ನೋಡುವುದು, ಅದು ತಲೆಯಲ್ಲೇ ಹುಟ್ಟಿದ್ದೋ ಹೊರಗಿನಿಂದ ಬಂದದ್ದೋ. ಶ್ವಾಸಕೋಶದಲ್ಲೋ ಸ್ತನದಲ್ಲೋ ಹುಟ್ಟಿದ ಕ್ಯಾನ್ಸರ್ ರಕ್ತದ ಜೊತೆ ಹತ್ತಿಕೊಂಡು ಬಂದು ತಲೆಯಲ್ಲಿ ಇಳಿಯುತ್ತದೆ. ಹೆಚ್ಚಿನವರಿಗೆ ಬರುವುದು ಅದೇ ಅಂತೆ. "ಮುಂಬಯಿಗೆ ಬಂದ ನಮ್ಮ ಹಾಗೆ" ಎಂದೆ. ಡಾಕ್ಟರು ನಗಲಿಲ್ಲ. ನೀನಾಗಿದ್ದರೆ ನಗುತ್ತಿದ್ದೆ.

ದಾನಪ್ಪನದು ಅಲ್ಲೇ ಹುಟ್ಟಿದ್ದು, ಗ್ಲಯೋಮಾ ಇರಬೇಕು ಎಂದರು. ಮೆದುಳಿನ ನರಗಳಿಗೆ ಆಸರೆಯಾಗಿ ಇರುವ ಜೀವಕೋಶಗಳುಂಟು. ಅವೇ ಅಳತೆ ಮೀರಿ ಬೆಳೆದರೆ ಅದಾಗುತ್ತದೆ. ಅದಕ್ಕೆ ಒಂದರಿಂದ ನಾಲ್ಕರವರೆಗೆ ದರ್ಜೆ. ಒಂದು ಎಂದರೆ ನಿಧಾನ, ನಾಲ್ಕು ಎಂದರೆ ತಡೆಯಿಲ್ಲ. ಹದಿನಾಲ್ಕು ತಿಂಗಳು ಎಂದದ್ದಕ್ಕೆ, ನಾಲ್ಕೇ ಇದ್ದಿರಬೇಕು ಎಂದರು. ಅದು ಮೆದುಳಿನ ಒಳಗೇ ಬೇರು ಬಿಡುವುದರಿಂದ ಎಷ್ಟು ಕೊಯ್ದರೂ ಪೂರ್ತಿ ಬರುವುದಿಲ್ಲ. ನೀನು ಆಗ, "ಎರಡ ತಿಂಗಳ ಮೊದಲ ತೋರಿಸಿದ್ರ ಉಳೀತಿದ್ದ, ನಾನ ಕೊಂದೆ" ಎಂದು ಉಗ್ರಾಣದಲ್ಲಿ ಕುಳಿತು ಅತ್ತಿದ್ದೆ. ನನಗೆ ನೆನಪುಂಟು, ಶಾಂತಪ್ಪ. ಕೇಳಿಸಿತ್ತು, ಆದರೆ ಒಳಗೆ ಏನೂ ಆಗಿರಲಿಲ್ಲ. ಮೊನ್ನೆ ನಾನು ಡಾಕ್ಟರನ್ನು ಕೇಳಿದೆ. ಆ ಜಾತಿಗೆ ಎರಡು ತಿಂಗಳು ಮೊದಲು ತೋರಿಸಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂದರು. ನೀನು ಕೊಂದದ್ದಲ್ಲ. ಇದನ್ನು ಆರು ವರ್ಷದ ಹಿಂದೆಯೇ ಯಾರಾದರೂ ನಿನಗೆ ಹೇಳಬೇಕಿತ್ತು.

ನನ್ನದು ಮೆನಿಂಜಿಯೋಮಾ. ಅದು ಮೆದುಳಿನದಲ್ಲ, ಮೆದುಳನ್ನು ಸುತ್ತಿಕೊಂಡ ಪೊರೆಯದು. ಒಳಗೆ ನುಗ್ಗುವುದಿಲ್ಲ, ಹೊರಗೇ ಕುಳಿತು ಒತ್ತುತ್ತದೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ನನ್ನದು ಕುಳಿತ ಜಾಗ ಮಾತ್ರ ಕೆಟ್ಟದ್ದು. ವಾಸನೆಯ ನರ ಅದರ ಕೆಳಗೇ ಸಿಕ್ಕಿಕೊಂಡಿದೆ. ಅದು ಒತ್ತುತ್ತಿರುವ ಮೆದುಳಿನ ಭಾಗದಲ್ಲಿ ಸಿಟ್ಟಿಗೆ ಬ್ರೇಕ್ ಇರುವುದಂತೆ. ಮತ್ತೊಬ್ಬರ ಕಷ್ಟ ನಮಗೆ ತಟ್ಟುವುದೂ ಅಲ್ಲಿಂದಲೇ ಅಂತೆ. ಇನ್ನೂ ಬೆಳೆದರೆ ಕಣ್ಣಿನ ನರಕ್ಕೆ ಹೋಗುತ್ತದೆ. ಆಪರೇಷನ್ ಬೇಗ ಆಗಬೇಕು ಎನ್ನುತ್ತಾರೆ. ಅದಾದರೂ ವಾಸನೆ ಮಾತ್ರ ತಿರುಗಿ ಬರುವುದಿಲ್ಲ.

ಒ.ಪಿ.ಡಿ.ಯ ಬೆಂಚಿನ ಮೇಲೆ ಎಲ್ಲ ಜಾತಿಯವರೂ ಕುಳಿತಿರುತ್ತಾರೆ. ದಾದರಿನಲ್ಲಿ ಹೂ ಮಾರುವ ಸೇವಂತಿಗೆ ಕಿವಿಯ ನರದ ಮೇಲೆ ಗಡ್ಡೆ. ಒಂದು ಕಿವಿಯಲ್ಲಿ ಹಗಲೂ ರಾತ್ರಿ ಸೀಟಿ ಹೊಡೆದ ಹಾಗೆ ಆಗುತ್ತದಂತೆ. ಬಸ್ ಕಂಡಕ್ಟರ್ ಒಬ್ಬರಿಗೆ ಪಿಟ್ಯುಟರಿ ಗ್ರಂಥಿಯದು. ಎದುರಿನದು ಕಾಣುತ್ತದೆ, ಎರಡೂ ಬದಿಯದು ಕಾಣುವುದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುತ್ತಾರೆ. ಅವರೆಲ್ಲರ ಪಕ್ಕದಲ್ಲಿ ಒಬ್ಬೊಬ್ಬರು ಇದ್ದಾರೆ. ನನ್ನ ಪಕ್ಕದಲ್ಲಿ ನನ್ನ ಫೈಲು. ಲಾವಣ್ಯಾಳಿಗೆ ಎಷ್ಟೆಂದು ರಜೆ ಸಿಗುತ್ತದೆ?

ನಾನು ಇನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಲ್ಲ. ಸಾಯುವ ಹೆದರಿಕೆ ಎಂದು ಲಾವಣ್ಯಾ ತಿಳಿದಿದ್ದಾಳೆ. ನಿನಗೆ ನಿಜ ಹೇಳುತ್ತೇನೆ. ಗಡ್ಡೆ ತೆಗೆದ ಮೇಲೂ ನಾನು ಹೀಗೆಯೇ ಇದ್ದರೆ? ಆಗ ಯಾರ ಮೇಲೆ ಹಾಕಲಿ? ನಾನು ಮದುವೆಯಾಗಲಿಲ್ಲ. ಹೋಟೆಲಿನ ಮಾಳಿಗೆಯಲ್ಲೇ ಮಲಗಿ ಬದುಕಿದೆ. ಗಡ್ಡೆಗೆ ಮೊದಲಿನ ನನ್ನನ್ನೂ ಗಡ್ಡೆಯ ನಂತರದ ನನ್ನನ್ನೂ ದಿನಾ ನೋಡಿದವನು ಈ ಲೋಕದಲ್ಲಿ ನೀನೊಬ್ಬನೇ. ಆದ್ದರಿಂದ ಒಂದೇ ಕೇಳುತ್ತೇನೆ. ಮೊದಲು ನಾನು ಹೇಗಿದ್ದೆ? ಒಳ್ಳೆಯವನಾಗಿದ್ದೆನಾ?

ಹಾಗೇ ಒಂದು ಮಾತು. ನೀನು ಹೋದ ಮೇಲೆ ಸಾಂಬಾರು ಮೇಜಿನಿಂದ ವಾಪಸು ಬರತೊಡಗಿತು. ಔಷಧಿ ವಾಸನೆ ಎಂದರು. ಹೊಸಬ ಏನೋ ಕಿತಾಪತಿ ಮಾಡುತ್ತಾನೆ ಎಂದುಕೊಂಡೆ. ಆರು ತಿಂಗಳೊಳಗೆ ಶೆಟ್ರು ನನಗೂ, "ಇನ್ನು ರೆಸ್ಟ್ ತಗೊಳ್ಳಿ ಭಟ್ರೇ" ಎಂದರು. ಯಾಕೆಂದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಕೊರಗಪ್ಪ


ಸಯನ್
20 ಸೆಪ್ಟೆಂಬರ್ 2023

ಶಾಂತಪ್ಪಾ,

ನಿನ್ನೆ ಚತುರ್ಥಿ. ಸಾಂಬಾರು ಮಾಡಿದೆ. ಕೈ ಅಳತೆ ಮರೆತಿಲ್ಲ ಎಂದು ಧೈರ್ಯ. ನಾಲಿಗೆಗೆ ತಾಗಿಸಲಿಲ್ಲ. ಒಲೆಯ ಮೇಲಿದ್ದದ್ದನ್ನು ರುಚಿ ನೋಡಿದರೆ ಅದು ಎಂಜಲು, ಉಪ್ಪು-ಹುಳಿ ಎಲ್ಲವನ್ನೂ ಆವಿಯಲ್ಲೇ ತಿಳಿಯಬೇಕು ಎಂದು ಕಲಿಸಿದವರ ಕೈಕೆಳಗೆ ಬೆಳೆದವನು. ನಾನು ಭಟ್ಟನಲ್ಲದಿದ್ದರೂ ಜನ ಭಟ್ರೇ ಎಂದು ಕರೆದದ್ದು ಆ ಮೂಗಿಗೆ. ಮೂಗೇ ಹೋದ ಮೇಲೆ ನಿಯಮ ಯಾಕೆ ಎಂದು ನೀನು ಕೇಳಬಹುದು. ಮತ್ತೇನು ಉಳಿದಿದೆ ಹೇಳು?

ಶಿವಕುಮಾರಿಗೆ ಒಂದು ಪಾತ್ರೆ ಕೊಟ್ಟೆ. ಸಂಜೆ ತೊಳೆದು ವಾಪಸು ಕೊಟ್ಟಳು, "ಚಲೋ ಆಗಿತ್ರಿ ಭಟ್ರ" ಎಂದಳು. ಮೋರಿಯಲ್ಲಿ ಬೇಳೆ ಬಿದ್ದಿತ್ತು.

ನಿನ್ನ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು ಹೇಳಲಿಕ್ಕೆ ಬರೆದೆ.

ಕೊರಗಪ್ಪ


ಸಯನ್
18 ಅಕ್ಟೋಬರ್ 2023

ಶಾಂತಪ್ಪಾ,

ಅಕ್ಷರ ಸೊಟ್ಟ ಕಂಡರೆ ಬೈಯಬೇಡ. ಎಡಗಣ್ಣು ಮಬ್ಬಾಗಿದೆ. ಡಾಕ್ಟರು ಈ ಸಲ ಗದರಿಸಿದರು. "ಅಂಕಲ್, ಕಣ್ಣು ಹೋದ ಮೇಲೆ ಸೈನ್ ಮಾಡ್ತೀರಾ?" ಎಂದರು. ನಾನು ಅವರಿಗೂ ಎದುರು ಮಾತಾಡಿ ಬಂದೆ. ಲಾವಣ್ಯಾ ಟ್ಯಾಕ್ಸಿಯಲ್ಲಿ ಅತ್ತಳು. ಅವಳು ಅಳುವುದನ್ನು ನೋಡುತ್ತ ಕುಳಿತೆ, ಸಮಾಧಾನ ಹೇಳಬೇಕೆಂದು ಗೊತ್ತು, ಆದರೆ ಮೀಟರಿನ ಅಂಕಿ ನೋಡಿದೆ.

ನೀನು ಇಲ್ಲ ಎಂದೇ ಬರೆ. ಮೊದಲೂ ನೀನು ಕೆಟ್ಟವನೇ ಆಗಿದ್ದೆ ಎಂದು ಬರೆ. ಬರೆಯದೆ ಮಾತ್ರ ಇರಬೇಡ.

ಕೊರಗಪ್ಪ


ವಡಾಲ
14 ನವೆಂಬರ್ 2023

ಕೊರಗಣ್ಣಾ,

ಇವತ್ತು ದೀಪಾವಳಿ ಪಾಡ್ಯ. ಕಾಲನಿಯವರೆಲ್ಲ ಊರಿಗೋ ಗೋವಾಕ್ಕೋ ಹೋಗಿದ್ದಾರೆ. ಗೇಟಿನಲ್ಲಿ ನಾನೊಬ್ಬನೇ. ಮೂರು ತಿಂಗಳಿಂದ ನಿನ್ನ ಮೂರು ಕಾಗದ ಯೂನಿಫಾರ್ಮಿನ ಕಿಸೆಯಲ್ಲಿವೆ. ಉತ್ತರ ಬರೆಯಬೇಕಾದರೆ ನಿಜ ಬರೆಯಬೇಕು, ಅದಕ್ಕೆ ತಡವಾಯಿತು.

ನೀನು ತಪ್ಪು ತಿಳಿದಿದ್ದೀ. ಇಂಗು ಶುದ್ಧ ಇರಲಿಲ್ಲ. ಆ ದಿನ ನೀನು ಹೇಳಿದ್ದು ಅರ್ಧ ನಿಜ. ಡಬ್ಬಿಯಲ್ಲಿ ಹಿಟ್ಟು ಇತ್ತು. ಬೆರೆಸಿದವನು ನಾನೇ.

ಮೊದಲಿನಿಂದ ಹೇಳುತ್ತೇನೆ. 2018ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾಯಿಚಟ್ನಿ ಹಳಸಿತ್ತು. ಮೊದಲಾದರೆ ನೀನು ಮೆಟ್ಟಿಲ ಮೇಲಿನಿಂದಲೇ, "ಯಾವನಯ್ಯಾ ಅದು, ಚಟ್ನಿ ಚೆಲ್ಲು" ಎಂದು ಕೂಗುತ್ತಿದ್ದೆ. ಆ ದಿನ ಪಾತ್ರೆಯ ಮೇಲೆ ಬಗ್ಗಿ, "ಹೂಂ, ಕಳಿಸು" ಎಂದೆ. ನಾನು ಕೈ ಜಾರಿದಂತೆ ಮಾಡಿ ಅದನ್ನು ನೆಲಕ್ಕೆ ಚೆಲ್ಲಿದೆ. ನೀನು ನನಗೆ ಬಾಯಿಗೆ ಬಂದಂತೆ ಬೈದೆ. ಅವತ್ತೇ ನನಗೆ ತಿಳಿಯಿತು.

ಆಮೇಲೆ ನೀನು ಪರಿಮಳ ಬರಲಿಲ್ಲ ಎಂದು ಸಾಂಬಾರಿಗೆ ಇಂಗು ಹಾಕುವುದು, ಮತ್ತೆ ಬಗ್ಗುವುದು, ಮತ್ತೆ ಹಾಕುವುದು. ಎರಡು ಪಟ್ಟು, ಮೂರು ಪಟ್ಟು. ನಿನ್ನ ಕೈ ಹಿಡಿಯಲಿಕ್ಕೆ ನನಗೆ ಧೈರ್ಯ ಇರಲಿಲ್ಲ. ಅದಕ್ಕೆ ಇಂಗಿಗೆ ಎರಡು ಪಾಲು ಹಿಟ್ಟು ಬೆರೆಸಿ ಡಬ್ಬಿಯಲ್ಲಿ ಇಟ್ಟೆ. ಮೂರು ಪಟ್ಟು ಹಾಕಿದರೂ ಅಳತೆ ಸರಿಹೋಗುತ್ತಿತ್ತು. ತೆಗೆದ ಇಂಗನ್ನು ಮಾಳಿಗೆಯ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಒಂದು ಚಿಟಿಕೆಯನ್ನೂ ಮಾರಲಿಲ್ಲ. ಈಗಲೂ ಅಲ್ಲೇ ಇರಬೇಕು, ಬೇಕಾದರೆ ಕಾಶಿನಾಥನಿಗೆ ಹೇಳಿ ನೋಡಿಸು.

ಇನ್ನೊಂದಿದೆ. ಹದಿನಾಲ್ಕು ತಿಂಗಳು, ದಿನಾ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ, ನಾನು ನಿನ್ನ ಸಾಂಬಾರಿನ ರುಚಿ ನೋಡಿದೆ. ಹುಳಿ ಕಡಿಮೆಯಾದರೆ ಹುಳಿ, ಉಪ್ಪು ಹೆಚ್ಚಾದರೆ ಬೇಳೆ ನೀರು. ನಿನ್ನ ಒಲೆಯ ಮುಂದೆ ಎಂಜಲು ಮಾಡಿದೆ. ನಿನ್ನ ಶಾಪ ತಟ್ಟುತ್ತದೆ ಎಂದು ಮೊದಮೊದಲು ಹೆದರಿಕೆಯಾಗುತ್ತಿತ್ತು.

ಆ ದಿನ ಹನ್ನೊಂದು ಜನರ ಮುಂದೆ ನಾನು ಬಾಯಿ ಬಿಡಬೇಕಿದ್ದರೆ ಏನು ಹೇಳಬೇಕಿತ್ತು? "ನಾ ಕದ್ದಿಲ್ರಿ, ನಿಮ್ಮ ಭಟ್ಟಗ ಮೂಗಿಲ್ಲ" ಎನ್ನಬೇಕಿತ್ತು. ಮೂಗಿಲ್ಲದ ಭಟ್ಟನನ್ನು ಶೆಟ್ರು ಎಷ್ಟು ದಿನ ಇಟ್ಟುಕೊಳ್ಳುತ್ತಿದ್ದರು? ನನಗೆ ಕೈಕಾಲು ಗಟ್ಟಿ ಇತ್ತು, ಎಲ್ಲಿಯಾದರೂ ಬದುಕುತ್ತಿದ್ದೆ. ನಿನಗೆ ಆ ಒಲೆ ಬಿಟ್ಟರೆ ಏನಿತ್ತು? ಅದಕ್ಕೆ ಸುಮ್ಮನಾದೆ. ಹೊರಗೆ ಬಂದು ಸಯನ್ ಸ್ಟೇಷನ್ ಬ್ರಿಡ್ಜಿನ ಮೇಲೆ ನಿಂತು ಅತ್ತೆ. ನನಗೆ ಬಹಳ ನೋವಾಗಿತ್ತು. ಇವತ್ತಿಗೂ ಇದೆ.

ಆದರೆ ನಿನ್ನ ಆಗಸ್ಟಿನ ಕಾಗದ ಓದಿದ ಮೇಲೆ ಬೇರೆಯದೊಂದು ಶುರುವಾಯಿತು. ದಾನಪ್ಪನ ಜಾತಿಗೆ ಬೇಗ ತೋರಿಸಿದರೂ ಉಪಯೋಗವಿರಲಿಲ್ಲ ಎಂದೆ. ಆರು ವರ್ಷದ ಮೇಲೆ ಆ ರಾತ್ರಿ ನಿದ್ದೆ ಮಾಡಿದೆ, ಅದಕ್ಕೆ ನಿನ್ನ ಉಪಕಾರ ದೊಡ್ಡದು. ಆದರೆ ನಿನ್ನ ಜಾತಿ ನಿಧಾನದ್ದಲ್ಲವೇ? 2018ರಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅದು ನೆಲ್ಲಿಕಾಯಿಯಷ್ಟು ಇರುತ್ತಿತ್ತೇನೋ. ನಾನು ನಿನ್ನ ಮರ್ಯಾದೆ ಉಳಿಸಿದೆ, ಗಡ್ಡೆ ಬೆಳೆಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನ್ನ ಕಣ್ಣು ಹೋದರೆ ಅದರಲ್ಲಿ ನನ್ನ ಪಾಲೂ ಇದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಸುಳ್ಳು ಹೇಳುವುದಿಲ್ಲ. ಸಿಟ್ಟು ನಿನಗೆ ಮೊದಲೂ ಇತ್ತು. 1997ರಲ್ಲಿ ಮೊದಲನೆಯ ದಿನವೇ ಸೌಟು ಎಸೆದವನು ನೀನು. ಆದರೆ ಆಗ, ಬೈದು ಒಂದು ತಾಸಾದ ಮೇಲೆ, ರುಬ್ಬುವ ಕಲ್ಲಿನ ಕಟ್ಟೆಯ ಮೇಲೆ ನನಗೊಂದು ಲೋಟ ಶುಂಠಿ ಚಹಾ ಇಟ್ಟು ಹೋಗುತ್ತಿದ್ದೆ. ಎರಡು ಚಮಚ ಸಕ್ಕರೆ, ಮೇಲೊಂದು ಬಸಿ, ಸಣ್ಣ ತಟ್ಟೆ, ಮುಚ್ಚಿ. ಒಂದು ಮಾತಿಲ್ಲ, ಮುಖವೂ ನೋಡುತ್ತಿರಲಿಲ್ಲ. 2016ರ ಸುಮಾರಿಗೆ ಆ ಚಹಾ ನಿಂತಿತು. ಯಾಕೆ ನಿಂತಿತೆಂದು ನಾನು ಬಹಳ ದಿನ ಯೋಚಿಸಿದ್ದೆ, ನನ್ನಿಂದ ಏನು ತಪ್ಪಾಯಿತೋ ಎಂದು.

ಸಿಟ್ಟು ನಿನ್ನದು, ಕೊರಗಣ್ಣ. ಚಹಾ ನಿಂತದ್ದು ಗಡ್ಡೆಯದು. ನನಗೆ ತಿಳಿದದ್ದು ಇಷ್ಟೇ. ಸಹಿ ಹಾಕು.

ಶಾಂತಪ್ಪ


ಸಯನ್
29 ನವೆಂಬರ್ 2023

ಶಾಂತಪ್ಪಾ,

ಮೊದಲ ದಿನ ನಿನ್ನ ಕಾಗದವನ್ನು ಗೋಡೆಗೆ ಎಸೆದೆ. ನನ್ನ ಸಾಂಬಾರಿಗೆ ನಾಲಿಗೆ ಇಟ್ಟವನೇ ಎಂದು ನಾಲ್ಕು ಪುಟ ಬರೆದೆ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಹನ್ನೊಂದು ದಿನವಾಯಿತು.

ಹದಿನಾಲ್ಕು ತಿಂಗಳು ಜನ ಹೊಗಳಿದ್ದು ನಿನ್ನ ಸಾಂಬಾರನ್ನು. ನಾನು ಗಲ್ಲಾದ ಹತ್ತಿರ ನಿಂತು ಬೀಗಿದ್ದೆ. ಕಾಶಿನಾಥ ಮಾಳಿಗೆ ಹತ್ತಿ ನೋಡಿದ. ಪೆಟ್ಟಿಗೆ ಉಂಟು. ಮುಚ್ಚಳ ತೆಗೆದ ಕೂಡಲೇ ಅವನಿಗೆ ಕೆಮ್ಮು ಬಂತಂತೆ, ಅಷ್ಟು ಘಾಟು. ಶೆಟ್ರನ್ನೂ ಕರೆದು ತೋರಿಸಿದನಂತೆ. ನಾನು ಫೋನಿನಲ್ಲಿ ಕೇಳಿ ಅತ್ತೆ. ಅಳು ಬಂತು ಎಂಬುದೇ ನನಗೆ ಆಶ್ಚರ್ಯ.

ಸಹಿ ಹಾಕಿದ್ದೇನೆ. ಡಿಸೆಂಬರ್ ಏಳಕ್ಕೆ ಆಪರೇಷನ್. ಹಣೆಯ ಮೂಳೆ ತೆಗೆದು, ಗಡ್ಡೆ ಬಿಡಿಸಿ, ಮತ್ತೆ ಕೂರಿಸುತ್ತಾರಂತೆ. ನಿನ್ನನ್ನು ಬಾ ಎನ್ನುವ ಮುಖ ನನಗಿಲ್ಲ.

ಕೊರಗಪ್ಪ


ಬಾಂದ್ರಾ
3 ಜನವರಿ 2024

ಶಾಂತಪ್ಪ ಅಂಕಲ್‌ಗೆ ನಮಸ್ಕಾರ.

ನಾನು ಲಾವಣ್ಯಾ, ಕೊರಗಪ್ಪ ಮಾವನ ತಂಗಿ ಮಗಳು. ನನಗೆ ಕನ್ನಡ ಬರೆಯಲು ಬಹಳ ಟೈಮ್ ಆಗುತ್ತದೆ. ಮಿಸ್ಟೇಕ್ ಇದ್ದರೆ ಸಾರಿ. ಮಾವನ ದಿಂಬಿನ ಕೆಳಗೆ ನಿಮ್ಮ ಲೆಟರ್ ಇತ್ತು, ಅದರಿಂದ ಅಡ್ರೆಸ್ ತಗೊಂಡೆ.

ಆಪರೇಷನ್ ಒಂಬತ್ತು ತಾಸು ಆಯಿತು. ಗಡ್ಡೆ ಆಲ್‌ಮೋಸ್ಟ್ ಪೂರ್ತಿ ತೆಗೆದಿದ್ದಾರೆ. ಲ್ಯಾಬ್ ರಿಪೋರ್ಟ್ ಬಂದಿದೆ, ಗ್ರೇಡ್ ಒನ್. ಕ್ಯಾನ್ಸರ್ ಅಲ್ಲ. ಆದರೆ ಪ್ರತಿ ವರ್ಷ ಸ್ಕ್ಯಾನ್ ಮಾಡಬೇಕು, ತಿರುಗಿ ಬರುವ ಚಾನ್ಸ್ ಇದೆ. ಎಡಗಣ್ಣು ಸ್ವಲ್ಪ ಬೆಟರ್. ಸ್ಮೆಲ್ ಇನ್ನು ಯಾವತ್ತೂ ಬರಲ್ಲ.

ಮೊದಲ ಒಂದು ವಾರ ಮಾವ ಯಾರನ್ನೂ ಗುರುತು ಹಿಡಿಯಲಿಲ್ಲ. ಸುಮ್ಮನೆ ಗೋಡೆ ನೋಡುತ್ತಿದ್ದರು. ನನಗೆ ತುಂಬಾ ಡರ್ ಲಗಾ, ಹೆದರಿಕೆ ಆಯಿತು. ಹತ್ತನೇ ದಿನ ಫಸ್ಟ್ ಟೈಮ್ ಮಾತಾಡಿದರು. "ಶಾಂತಪ್ಪನ ಊಟ ಆಯ್ತಾ?" ಅಂತ ಕೇಳಿದರು. ಆಮೇಲೆ ನನ್ನನ್ನು ನೋಡಿ, "ನಿಂದು ಆಯ್ತಾ ಮಗಾ?" ಅಂದರು. ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಏಳೆಂಟು ವರ್ಷದಲ್ಲಿ ಮಾವ ಹಾಗೆ ಕೇಳಿರಲಿಲ್ಲ.

ಈಗ ಮನೆಯಲ್ಲಿದ್ದಾರೆ. ಶಿವಕುಮಾರಿ ಆಂಟಿ ಊಟ ಕೊಡುತ್ತಾರೆ. ನಾನು ಸಂಡೇ ಹೋಗುತ್ತೇನೆ. ಬಾಕಿ ದಿನ ಅವರು ಒಬ್ಬರೇ ಕಿಟಕಿ ಹತ್ತಿರ ಕುಳಿತಿರುತ್ತಾರೆ. ನೀವು ಒಂದು ಸಲ ಬರುತ್ತೀರಾ? ನಾನು ಬರೆದೆ ಅಂತ ಅವರಿಗೆ ಹೇಳಬೇಡಿ.

ನಿಮ್ಮ,
ಲಾವಣ್ಯಾ


ವಡಾಲ
12 ಮಾರ್ಚ್ 2024

ಕೊರಗಣ್ಣಾ,

ನಾನು ಬರಲಿಲ್ಲ ಎಂದು ನೀನು ತಿಳಿದಿರಬಹುದು. ಡಿಸೆಂಬರ್ ಎಂಟರಂದು ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಬಂದಿದ್ದೆ. ಗಾಜಿನ ಆಚೆಯಿಂದ ನೋಡಿದೆ. ತಲೆಗೆ ಬಿಳಿ ಪಟ್ಟಿ, ಮುಖ ಬಾತಿತ್ತು. ಒಳಗೆ ಬಿಡುತ್ತೇವೆ ಎಂದರು, ನಾನೇ ಬೇಡವೆಂದೆ. ಜನವರಿಯಲ್ಲಿ ನಿನ್ನ ಚಾಳಿನವರೆಗೂ ಬಂದೆ. ಕಿಟಕಿಯಲ್ಲಿ ನೀನು ಕಂಡೆ. ನಾಲ್ಕು ವರ್ಷದ ಮಾತು ಒಮ್ಮೆಲೇ ಬಾಯಿಗೆ ಬಂದು ಏನೂ ಹೇಳಲಾಗುವುದಿಲ್ಲ ಎನ್ನಿಸಿತು. ಹಾಗೇ ತಿರುಗಿ ಸ್ಟೇಷನ್ನಿಗೆ ನಡೆದೆ.

ನಿನ್ನೆ ಮಧ್ಯಾಹ್ನ ನಾನು ಬಿ ವಿಂಗಿನ ನೀರಿನ ಪಂಪ್ ಹಾಕಲು ಹೋಗಿದ್ದೆ. ತಿರುಗಿ ಬಂದರೆ ನನ್ನ ಮೇಜಿನ ಮೇಲೆ, ರಿಜಿಸ್ಟರಿನ ಪಕ್ಕ, ಒಂದು ಸ್ಟೀಲ್ ಲೋಟ. ಮೇಲೆ ಬಸಿ ಮುಚ್ಚಿತ್ತು. ಚಹಾ ಇನ್ನೂ ಬಿಸಿ ಇತ್ತು. ಸಾಮಾನು ಇಳಿಸುತ್ತಿದ್ದ ಡೆಲಿವರಿಯ ಅಮೋಲ್‌ನನ್ನು ಕೇಳಿದೆ. "ಏಕ್ ಟೋಪಿವಾಲಾ ಮುದುಕ ಬಂದಿದ್ದ. ಥರ್ಮಸ್‌ನಿಂದ ಬಗ್ಗಿಸಿದ, ಇಟ್ಟ, ಔರ್ ಹೊರಟುಹೋದ. ಏನೂ ಮಾತಾಡ್ಲಿಲ್ಲ" ಎಂದ. ಗೇಟಿನ ಹೊರಗೆ ಓಡಿಹೋಗಿ ನೋಡಿದೆ. ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ.

ಕುರ್ಚಿಯಲ್ಲಿ ಕುಳಿತು ಬಸಿ ತೆಗೆದೆ. ಶುಂಠಿ ವಾಸನೆ ಚೆನ್ನಾಗಿ ಬಂತು. ಅದು ನಿನಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಲೋಟ ಪೂರ್ತಿ ತುಂಬಿರಲಿಲ್ಲ. ಒಂದು ಗುಟುಕು ಕಡಿಮೆ ಇತ್ತು. ಅಂಚಿನಲ್ಲಿ ತುಟಿ ತಾಗಿದ ಗುರುತು ಇತ್ತು. ನಲವತ್ತು ವರ್ಷ ಯಾವುದಕ್ಕೂ ನಾಲಿಗೆ ತಾಗಿಸದವನು, ಸಕ್ಕರೆ ಸರಿಯಾಗಿದೆಯೋ ಎಂದು ನನಗಾಗಿ ರುಚಿ ನೋಡಿ ಇಟ್ಟಿದ್ದೀ.

ಎರಡು ಚಮಚ, ಸರಿಯಾಗಿಯೇ ಇತ್ತು. ನಾನು ಪೂರ್ತಿ ಕುಡಿದೆ. ಲೋಟ ತೊಳೆದು ಇಟ್ಟಿದ್ದೇನೆ, ಭಾನುವಾರ ಕೊಡಲು ಬರುತ್ತೇನೆ.

ನಿನ್ನ,
ಶಾಂತಪ್ಪ